ಒಳಗಿನಿಂದ ಹಾಕಿದ ಅಗುಳಿ

"ಬುದ್ಧೀ, ಹೆಸರು ಹೇಳದೆ ಆಡಿದ ಮಾತಿಗೆ ಹೊಣೆ ಯಾರು?"

ಕೇಳಿದವನು ಮರುಳಸಿದ್ಧ. ಕುಡಿತ ಬಿಟ್ಟು ಮಠದ ಸೇವೆಗೆ ನಿಂತ ಗೃಹಸ್ಥ. ಬೆಳಗಿನ ಪೂಜೆ ಮುಗಿದಿತ್ತು. ಸ್ವಾಮಿಗಳು ಜಗಲಿಯ ಮೇಲೆ ಕುಳಿತಿದ್ದರು.

"ಯಾಕೆ ಕೇಳಿದೆ?" ಎಂದರು.

"ಮೊಬೈಲಿನಲ್ಲಿ ನಮ್ಮಂಥವರದೊಂದು ಗುಂಪಿದೆ ಬುದ್ಧೀ. ಚಟ ಬಿಟ್ಟವರು, ಬಿಡಬೇಕು ಅಂತಿರುವವರು. ಅಲ್ಲಿ ಯಾರ ಹೆಸರೂ ಯಾರಿಗೂ ಗೊತ್ತಿಲ್ಲ. ನಿನ್ನೆ ಒಬ್ಬರು ಏನೋ ಕೇಳಿದರು. ನನಗೆ ತೋಚಿದ್ದನ್ನು ಬರೆದೆ. ಆಮೇಲೆ ಅವರಿಂದ ಮಾತಿಲ್ಲ. ಕಂಡವರಿಗೆಲ್ಲ ಉಪದೇಶ ಮಾಡೋಕೆ ನೀವೇನು ಡಾಕ್ಟರಾ ಅಂತ ನನ್ನ ಹೆಂಡತಿ ರೇಗಿದಳು. ಅಲ್ಲಿ ನಾನು ಯಾರೂ ಅಲ್ಲ ಕಣೇ, ನನಗೇನು ಅಂಟುತ್ತೆ ಅಂದೆ. ಅಂದೆನೇ ಹೊರತು ಸಮಾಧಾನ ಆಗಲಿಲ್ಲ."

ಸ್ವಾಮಿಗಳು ಕೂತುಕೋ ಎಂದು ಕೈ ತೋರಿಸಿದರು. ಒಂದು ಕತೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಬಡಗಿ ಇದ್ದ. ಕೆಲಸದಲ್ಲಿ ನಂಬಿಕಸ್ಥ, ಕುಡಿತದಲ್ಲಿ ಮೂರೂ ಬಿಟ್ಟವನು. ಒಂದು ದಿನ ಹೆಂಡತಿಯ ಕಣ್ಣೀರು ನೋಡಲಾರದೆ ಕುಡಿತ ನಿಲ್ಲಿಸಿದ. ನಿಲ್ಲಿಸಿದ ಮೇಲೆ ಕೈ ನಡುಗಿತು. ಉಳಿ ಹಿಡಿಯಲಾಗಲಿಲ್ಲ. ಹಲಗೆಯ ಮೇಲೆ ಇಲ್ಲದ ಇರುವೆಗಳು ಹರಿದಾಡಿದವು. ಅವನು ಅವನ್ನು ಹೊಸಕಲು ಹೋಗಿ ಅಂಗೈ ಸುಲಿದುಕೊಂಡ. ಅಣ್ಣನಾದವನು ಅವನನ್ನು ತಬ್ಬಿ ಎತ್ತಿಕೊಂಡು ಹೋಗಿ ತಾಲ್ಲೂಕು ಆಸ್ಪತ್ರೆಗೆ ಸೇರಿಸಿದ. ಅಲ್ಲಿ ಅವನ ಕೈಕಾಲುಗಳನ್ನು ಮಂಚಕ್ಕೆ ಕಟ್ಟಿ ಸೂಜಿ ಚುಚ್ಚಿದರು. ಹೀಗೆ ಅವನು ಬದುಕಿಕೊಂಡ. ಬದುಕಿದ್ದು ಅವನಿಗೆ ಸಂತೋಷ. ಕಟ್ಟಿಸಿಕೊಂಡಿದ್ದು ನಾಚಿಕೆ.

ಅವನೂ ನಿನ್ನ ಹಾಗೆಯೇ ಅಂಥದೊಂದು ಗುಂಪು ಸೇರಿದ. ಅಲ್ಲಿ ಪ್ರತಿಯೊಬ್ಬರೂ ಒಂದೊಂದು ಗಿಡದ ಹೆಸರು ಇಟ್ಟುಕೊಳ್ಳುವ ಪದ್ಧತಿ. ಊರು ಕೇಳಬಾರದು, ಕುಲ ಕೇಳಬಾರದು. ಸಂಜೆ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ, ಆ ದಿನ ಕುಡಿಯದೆ ಕಳೆದವರು ಗುಂಪಿನಲ್ಲಿ ಒಂದು ದೀಪದ ಚಿತ್ರ ಹಾಕಬೇಕು. ಹಾಕದವರನ್ನು ಯಾರೂ ಗದರಿಸಬಾರದು. ನಾಳೆ ಹಚ್ಚೋಣ ಅನ್ನಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದಿತ್ತು. ತನ್ನ ಮೈಮೇಲೆ ನಡೆದದ್ದನ್ನು ಮಾತ್ರ ಹೇಳಬೇಕು.

ಬಡಗಿ 'ಹೊಂಗೆ' ಎಂದು ಹೆಸರಿಟ್ಟುಕೊಂಡ. ನೀವು ಹೇಗೆ ಬಿಟ್ಟಿರಿ ಎಂದು ಒಬ್ಬರು ಕೇಳಿದರು. ಆಸ್ಪತ್ರೆಯ ಮಂಚ ಕಣ್ಣ ಮುಂದೆ ಬಂತು. ಅದನ್ನು ಬರೆಯಲು ಬೆರಳು ಬಗ್ಗಲಿಲ್ಲ. "ಬಾಟಲಿಯನ್ನು ಹಳ್ಳಕ್ಕೆ ಎಸೆದೆ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಹೊರಗೆ ಬಂದಾಗ ಹೊಸ ಮನುಷ್ಯ" ಎಂದು ಬರೆದ. ಎಲ್ಲರೂ ಕೈ ಮುಗಿದರು. ಒಬ್ಬ ತಮಾಷೆಗಾರ, "ಹೊಂಗೆಯಣ್ಣ, ನಿಮ್ಮ ದೀಪಕ್ಕೆ ಎಣ್ಣೆಯ ಚಿಂತೆಯೇ ಇಲ್ಲ ಬಿಡಿ, ಮೈಯೆಲ್ಲ ಎಣ್ಣೆಯೇ" ಎಂದ. ಬಡಗಿ ನಕ್ಕ. ಆ ನಗುವಿನಲ್ಲಿ ಸುಳ್ಳು ಜೀರ್ಣವಾಗಿ ಹೋಯಿತು. ಸಂಜೆಯಿಂದ ಸಂಜೆಗೆ ಹೊಂಗೆಯಣ್ಣ ಆ ಗುಂಪಿಗೆ ದೊಡ್ಡವನಾದ.

ಒಂದು ಸಂಜೆ 'ಗರಿಕೆ' ಎಂಬ ಹೊಸಬ ಬರೆದ. "ಕುಡಿತ ನಿಲ್ಲಿಸಿದ್ದೇನೆ. ಕೈ ನಡುಗುತ್ತಿದೆ. ನಿದ್ದೆಯಿಲ್ಲ. ಗೋಡೆಯ ಮೇಲೆ ಏನೇನೋ ಹರಿದಂತೆ ಕಾಣುತ್ತದೆ. ಏನು ಮಾಡಲಿ?"

'ಅತ್ತಿ' ಎಂಬ ಹೆಸರಿನ ಹೆಣ್ಣುಮಗಳೊಬ್ಬಳು ತಕ್ಷಣ ಬರೆದಳು. "ತಡ ಮಾಡಬೇಡಿ, ಆಸ್ಪತ್ರೆಗೆ ಹೋಗಿ. ನಾವ್ಯಾರೂ ವೈದ್ಯರಲ್ಲ."

ಗರಿಕೆ ಕೇಳಿದ. "ಹೊಂಗೆಯಣ್ಣ, ನೀವು ಹೇಳಿ. ನಿಮಗೂ ಹೀಗಾಗಿತ್ತಾ?"

ಗೋಡೆಯ ಮೇಲೆ ಹರಿಯುವುದು ಏನೆಂದು ಆ ಗುಂಪಿನಲ್ಲಿ ಬಡಗಿಯಷ್ಟು ಬಲ್ಲವರು ಬೇರೆ ಇರಲಿಲ್ಲ. ಹೌದು, ಆಸ್ಪತ್ರೆಗೆ ಓಡು ಎಂದು ಬರೆದರೆ ಹಳ್ಳಕ್ಕೆ ಎಸೆದ ಬಾಟಲಿಯ ಕತೆ ಏನಾಗಬೇಕು? ಕೈ ಮುಗಿದವರೆಲ್ಲ ಏನೆಂದಾರು? ಮುಖವೇ ಕಾಣದ ಜಾಗದಲ್ಲಿ ಅವನು ಮುಖ ಉಳಿಸಿಕೊಳ್ಳಲು ಹೋದ.

"ಅದೆಲ್ಲ ಮನಸ್ಸಿನ ಅಂಜಿಕೆ" ಎಂದು ಬರೆದ. "ಆಸ್ಪತ್ರೆ ಹೇಡಿಗಳಿಗೆ. ಕೋಣೆಯ ಬಾಗಿಲು ಹಾಕಿಕೊಂಡು ಮಲಗು. ಯಾರು ಕರೆದರೂ ತೆಗೆಯಬೇಡ. ಎದ್ದು ಬಂದಾಗ ನೀನೂ ಹೊಸ ಮನುಷ್ಯ."

ಗರಿಕೆ ಕೈ ಮುಗಿದ ಚಿತ್ರ ಹಾಕಿದ. ಬಡಗಿ ಮೊಬೈಲು ಪಕ್ಕಕ್ಕಿಟ್ಟು ಉಂಡು ಮಲಗಿದ. ಒಳ್ಳೆಯ ನಿದ್ದೆ ಬಂತು.

ಬೆಳಿಗ್ಗೆ ಅವನು ಉಳಿ ಮಸೆಯುತ್ತಿದ್ದಾಗ, ಅವನ ಗೆಳೆಯನಾದ ಹಿಟ್ಟಿನ ಗಿರಣಿಯವನ ಹೆಂಡತಿ ಓಡಿಬಂದಳು. ತಲೆಯ ಮೇಲೆ ಸೆರಗಿರಲಿಲ್ಲ.

"ಅಣ್ಣಾ, ಹಾರೆ ತಗೊಂಡು ಬನ್ನಿ. ನಮ್ಮವರು ಒಳಗಿಂದ ಅಗುಳಿ ಹಾಕ್ಕೊಂಡಿದ್ದಾರೆ. ಎಷ್ಟು ಕೂಗಿದರೂ ಓಗೊಡುತ್ತಿಲ್ಲ."

ಆ ಬಾಗಿಲು ಮಾಡಿಕೊಟ್ಟವನು ಈ ಬಡಗಿಯೇ. ಗಿರಣಿಯವನು ಹತ್ತಿರ ನಿಂತು ಹಲಸಿನ ಮರ ಹಾಕಿಸಿದ್ದ. ಆನೆ ಗುದ್ದಿದರೂ ಅಗುಳಿ ಅಲ್ಲಾಡಬಾರದು ಎಂದಿದ್ದ. ಬಡಗಿಗೆ ಅದು ನೆನಪಾಗಿ, "ಗಟ್ಟಿ ಬೇಕು ಅಂತ ನನ್ನ ಪ್ರಾಣ ತಿಂದನಲ್ಲ ತಾಯೀ, ಈಗ ಒಡೀಬೇಕಂತಾ?" ಎಂದು ನಗಾಡಿಕೊಂಡೇ ಹೊರಟ.

ಬಾಗಿಲ ಸಂದಿಗೆ ಹಾರೆ ಇಟ್ಟು ಮೀಟಿದ. ಬಾಗಿಲು ಜಗ್ಗಲಿಲ್ಲ. ಹಿಂದೆ ನಿಂತ ಆಕೆ ಅಳುತ್ತಲೇ ಹೇಳುತ್ತಿದ್ದಳು.

"ಕುಡಿಯೋದು ಬಿಟ್ಟಿದ್ದರು ಅಣ್ಣಾ. ನಿಮಗೂ ಹೇಳಿರಲಿಲ್ಲ, ಗೆದ್ದ ಮೇಲೆ ಹೇಳ್ತೀನಿ ಅಂತಿದ್ದರು. ಕೈ ನಡುಗೋದು ನೋಡಿ ನಾನು ಆಸ್ಪತ್ರೆಗೆ ಹೋಗೋಣ ಅಂದೆ. ಹೊರಟೂ ಇದ್ದರು. ಅಂಗಿ ಹಾಕ್ಕೊಂಡಿದ್ದರು. ಅಷ್ಟರಲ್ಲಿ ಯಾರೋ ದೊಡ್ಡವರು ಬೇಡ ಅಂದರಂತೆ."

"ಯಾವ ದೊಡ್ಡವರು?"

"ಮೊಬೈಲಿನೊಳಗಿನವರು. ಹೊಂಗೆಯಣ್ಣ ಅಂತೆ."

ಹಾರೆ ಅವನ ಕೈಯಿಂದ ಜಾರಿ ಕಲ್ಲಿನ ಮೇಲೆ ಬಿತ್ತು. ಆಕೆ "ಅಣ್ಣಾ, ಅಣ್ಣಾ" ಎಂದು ಕೂಗಿದ್ದು ಬಹಳ ದೂರದಿಂದ ಕೇಳಿಸಿತು. ಮತ್ತೆ ಹಾರೆ ಎತ್ತಿಕೊಂಡ. ಈಗ ಅವನು ಮೀಟಲಿಲ್ಲ, ಹಾರೆಯಿಂದಲೂ ಭುಜದಿಂದಲೂ ಹುಚ್ಚನಂತೆ ಗುದ್ದಿದ. ತಾನೇ ಕೊಯ್ದ ಮರ. ತಾನೇ ಕೂರಿಸಿದ ಅಗುಳಿ. ಅವನ ಜನ್ಮದಲ್ಲಿ ಅಷ್ಟು ಒಳ್ಳೆಯ ಕೆಲಸ ಅವನು ಮಾಡಿರಲಿಲ್ಲ. ಬಾಗಿಲು ಬಗ್ಗುವ ಹೊತ್ತಿಗೆ ಅವನ ಭುಜ ಹರಿದು ರಕ್ತ ಬಂದಿತ್ತು.

ಗಿರಣಿಯವನು ಗೋಡೆಯ ಬುಡದಲ್ಲಿ ಬಿದ್ದಿದ್ದ. ಬಾಯಲ್ಲಿ ನೊರೆ. ಗೋಡೆಯ ಸುಣ್ಣವೆಲ್ಲ ಅವನ ಉಗುರಿನಲ್ಲಿತ್ತು. ಮೈಮೇಲೆ ಆಸ್ಪತ್ರೆಗೆಂದು ಹಾಕಿಕೊಂಡ ಒಗೆದ ಅಂಗಿ. ಉಸಿರು ಇನ್ನೂ ಇತ್ತು.

ಬಡಗಿ ಅವನನ್ನು ತಬ್ಬಿ ಎತ್ತಿಕೊಂಡ. ತನ್ನ ಅಣ್ಣ ತನ್ನನ್ನು ಎತ್ತಿಕೊಂಡ ಹಾಗೆಯೇ ಎತ್ತಿಕೊಂಡ. ಅದೇ ಆಸ್ಪತ್ರೆಗೆ ಒಯ್ದ. ವೈದ್ಯರು ತಮ್ಮಿಂದಾದದ್ದನ್ನೆಲ್ಲ ಮಾಡಿದರು. ಸಂಜೆಯ ಹೊತ್ತಿಗೆ ಹೊರಗೆ ಬಂದು, "ಕುಡಿತ ನಿಲ್ಲಿಸಿದಾಗ ಕೆಲವರಿಗೆ ಮೈ ಹೀಗೆ ತಿರುಗಿ ಬೀಳುತ್ತದೆ. ಇದಕ್ಕೆ ಔಷಧ ಇತ್ತು. ನಿನ್ನೆಯೇ ಯಾಕೆ ತರಲಿಲ್ಲ?" ಎಂದರು. ಇತ್ತು ಎಂದ ಮೇಲೆ ಮುಂದಿನದನ್ನು ಯಾರೂ ಕೇಳಬೇಕಾಗಿರಲಿಲ್ಲ.

ಗಿರಣಿಯವನ ಹೆಂಡತಿ ಕುಸಿದು ಕೂತಳು. ಅಷ್ಟರ ನಡುವೆಯೂ ಬಡಗಿಯ ಹರಿದ ಭುಜ ಅವಳ ಕಣ್ಣಿಗೆ ಬಿತ್ತು. "ಒಡಹುಟ್ಟಿದವರೂ ಇಷ್ಟು ಮಾಡೋದಿಲ್ಲ ಅಣ್ಣಾ" ಎಂದಳು.

ಬಡಗಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗಿನ ಬೆಂಚಿಗೆ ಬಂದ. ದೀಪ ಹಚ್ಚುವ ಹೊತ್ತು. ಮೊಬೈಲು ತೆರೆದ. ದೀಪಗಳು ಒಂದರ ಕೆಳಗೊಂದು ಬರುತ್ತಿದ್ದವು. 'ಗರಿಕೆ, ನಿಮ್ಮ ದೀಪ ಎಲ್ಲಿ?' ಎಂದು ಅತ್ತಿ ಕೇಳಿದ್ದಳು. ತಮಾಷೆಗಾರ ಅದಕ್ಕೆ ಉತ್ತರ ಕೊಟ್ಟಿದ್ದ. 'ಹೊಂಗೆಯಣ್ಣ ಹೇಳಿದ ಮೇಲೆ ಕೇಳಬೇಕೇ? ಬಾಗಿಲು ಹಾಕಿಕೊಂಡು ಗೊರಕೆ ಹೊಡೀತಿರಬೇಕು ಪುಣ್ಯಾತ್ಮ.'

ಅದರ ಕೆಳಗೆ ಇನ್ನೊಬ್ಬ ಹೊಸಬ ಬರೆದಿದ್ದ. 'ನನಗೂ ನಡುಕ ಶುರುವಾಗಿದೆ. ನಾನೂ ಹಾಗೇ ಮಾಡುತ್ತೇನೆ.'

ಬಡಗಿ ಮೊಬೈಲಿನ ಮೇಲೆ ಬಗ್ಗಿದ. "ಬೇಡ, ಬಾಗಿಲು ತೆಗೆ" ಎಂದು ಬರೆದ. "ನಾನು ಹೇಳಿದ್ದು ಸುಳ್ಳು. ನಾನು ಬಾಟಲಿ ಎಸೆಯಲಿಲ್ಲ. ನನ್ನನ್ನು ಆಸ್ಪತ್ರೆಯ ಮಂಚಕ್ಕೆ ಕಟ್ಟಿ ಉಳಿಸಿದರು. ನೀನು ಈಗಲೇ ಯಾರನ್ನಾದರೂ ಕರೆದುಕೊಂಡು ಆಸ್ಪತ್ರೆಗೆ ಹೋಗು. ಹೋದೆ ಎಂದು ಬರೆಯುವವರೆಗೂ ನಾನು ಇಲ್ಲಿಂದ ಏಳುವುದಿಲ್ಲ."

ಗರಿಕೆ ಯಾರು, ಯಾವ ಊರು, ಏನಾದ ಎಂದು ಬರೆಯಲಿಲ್ಲ. ಅದು ಅವನ ಗುಟ್ಟಲ್ಲ, ಸತ್ತವನದು. ಬರೆದು ಬೆಂಚಿನ ಮೇಲೆ ಕಾದು ಕುಳಿತ.

ಸ್ವಾಮಿಗಳು ನಿಲ್ಲಿಸಿದರು.

ಮರುಳಸಿದ್ಧನ ಕಣ್ಣು ನೆಟ್ಟ ಹಾಗೇ ಇತ್ತು. "ಆ ಹೊಸಬ ಉತ್ತರ ಬರೆದನೇ ಬುದ್ಧೀ? ಬಡಗಿ ಆ ತಾಯಿಯ ಮುಂದೆ ನಾನೇ ಅಂತ ಹೇಳಿಕೊಂಡನೇ?"

ಸ್ವಾಮಿಗಳು ಅವನ ಅಂಗಿಯ ಜೇಬಿನಲ್ಲಿದ್ದ ಮೊಬೈಲನ್ನು ನೋಡಿದರು.

"ಅದಿರಲಿ, ನಿನ್ನೆ ನೀನು ಉತ್ತರ ಬರೆದೆಯಲ್ಲ, ಅವರ ಮನೆಯ ಬಾಗಿಲು ಈಗ ತೆರೆದಿದೆಯೇ?"