ಹೊಳೆ ದಾಟಿದ ಮರಿಯಾನೆ

ಹುಟ್ಟಿದ ಹೊಸತರಲ್ಲಿ ಮರಿಯಾನೆಯೊಂದು ತನ್ನ ಸೊಂಡಿಲನ್ನು ತಾನೇ ತುಳಿದುಕೊಂಡು ಚೀರಿತು. "ಅಮ್ಮಾ, ಯಾರೋ ನನ್ನ ಮುಖಕ್ಕೆ ಜೋತುಬಿದ್ದಿದ್ದಾರೆ!"

"ಬೇರೆ ಯಾರೂ ಅಲ್ಲ ಮಗೂ, ಅದು ನೀನೇ," ಎಂದಿತು ತಾಯಿ.

ಮರಿ ತಾಯಿಯ ಹೊಟ್ಟೆಯಡಿಯಲ್ಲೇ ಬೆಳೆಯಿತು. ಯಾರು ನೀನೆಂದು ಕೇಳಿದವರಿಗೆಲ್ಲ "ಅಮ್ಮನ ಮಗ" ಎನ್ನುತ್ತಿತ್ತು. ದಂತ ಮೂಡಿದ ಮೇಲೆ ಆ ಮಾತೇ ಬೇಡವಾಯಿತು. "ನಾನು ನಿನ್ನ ಬಾಲವಲ್ಲ," ಎಂದು ಸಿಡುಕಿ, ಒಂದು ದಿನ ಒಂಟಿಯಾಗಿ ಹೊಳೆ ದಾಟಿತು. ತಾಯಿ ತಡೆಯಲಿಲ್ಲ, ದಡದಲ್ಲೇ ನಿಂತು ನೋಡಿತು.

ಆಚೆ ದಡದಲ್ಲಿ ಮುದಿ ಸಲಗವೊಂದು ಅಡ್ಡಗಟ್ಟಿತು. "ಯಾರು ನೀನು?"

ಹಳೆಯ ಉತ್ತರ ಹೇಳಲು ನಾಚಿಕೆಯಾಗಿ ಮರಿ ತಡವರಿಸಿತು. "ನೀರಿನ ಸದ್ದಿನಿಂದಲೇ ಸುಳಿ ಎಲ್ಲಿದೆಯೆಂದು ಬಲ್ಲೆ. ವಿಷದ ಸೊಪ್ಪನ್ನು ಮೂಸಿಯೇ ಗುರುತಿಸಬಲ್ಲೆ. ಸಿಟ್ಟು ಬೇಗ ಬರುತ್ತದೆ."

"ಸಿಟ್ಟು ನಿನ್ನದೇ ಇರಬೇಕು. ಉಳಿದದ್ದನ್ನು ಕಲಿಸಿದವರು ಯಾರು?"

ಮರಿ ತಲೆ ತಗ್ಗಿಸಿತು. "ಅಮ್ಮ."

"ಅದನ್ನು ಹೇಳಲು ನಾಚಿಕೆಯೇಕೆ?" ಎಂದು ಸಲಗ ದಾರಿ ಬಿಟ್ಟಿತು.

ಮರಿ ಕಾಡಿನೊಳಕ್ಕೆ ಹೆಜ್ಜೆಯಿಡುವ ಮೊದಲು ಹೊಳೆಯ ಕಡೆ ತಿರುಗಿ ಘೀಳಿಟ್ಟಿತು.

"ಯಾರದು?" ಎಂದು ಕೂಗಿತು ತಾಯಿ.

"ನಾನು, ಅಮ್ಮಾ! ನೀನು ಕೊಟ್ಟದ್ದೆಲ್ಲ ಜೊತೆಗಿದೆ. ಹೋಗಿ ಬರುತ್ತೇನೆ."