ಗುರುಮಲ್ಲಪ್ಪನ ಕಾರೂ ಬಸ್ಸಿನ ನಗುವೂ

ಆಗ ನಮ್ಮ ಕಡೆಯಿಂದ ಬೆಳಿಗ್ಗೆ ಪೇಟೆಗೆ ಹೋಗ್ತಿದ್ದದ್ದು ಒಂದೇ ಬಸ್ಸು. ಮಲ್ಲಿಗೆ ಹೂವು, ಬೀಡಿ ಹೊಗೆ, ಕೋಳಿ, ಮದುವೆ ಮಾತುಕತೆ ಎಲ್ಲಾ ಅದರಲ್ಲೇ. ಅದು ಗುಜರಿ ಸೇರಿ ಎಷ್ಟೋ ಕಾಲ ಆಯ್ತು. ಅದರ ವಾಸನೆ ಮಾತ್ರ ನನಗೆ ಇನ್ನೂ ನೆನಪಿದೆ.

ಅರಿಶಿನದ ವ್ಯಾಪಾರಿ ಗುರುಮಲ್ಲಪ್ಪ ಇಪ್ಪತ್ತು ವರ್ಷ ಆ ಬಸ್ಸಲ್ಲೇ ಓಡಾಡಿದ. ಒಂದು ದಿನ ಯಾರದೋ ಕೋಳಿ ಅವನ ಬಿಳಿ ಪಂಚೆ ಮೇಲೆ ತನ್ನ ಕೆಲಸ ಮುಗಿಸ್ತು. ಅವನು ಕಾರು ತಗೊಂಡ.

ಕಾರಲ್ಲಿ ಕೋಳಿ ಇರಲಿಲ್ಲ. ಬೇರೆ ಯಾರೂ ಇರಲಿಲ್ಲ.

ಹಳೇ ರೂಢಿ, ಬಸ್ಸು ಹೊರಡೋ ಹೊತ್ತಿಗೇ ಅವನೂ ಹೊರಡೋನು. ಮುಂದೆ ಹೋಗೋ ಬಸ್ಸಿನ ತುಂಬಾ ಜನ ಬಿದ್ದು ಬಿದ್ದು ನಗೋದು ಕೇಳಿಸೋದು. ಯಾಕೆ ಅಂತ ಮಾತ್ರ ಗೊತ್ತಾಗ್ತಿರಲಿಲ್ಲ. ಸ್ವಲ್ಪ ದಿನ ತಡಕೊಂಡ. ಆಮೇಲೆ ಊಟ ಸೇರಲಿಲ್ಲ. ಅಂಗಡಿಯಲ್ಲಿ ತಕ್ಕಡಿ ಹಿಡಿದು ಸುಮ್ಮನೆ ನಿಂತುಬಿಡ್ತಿದ್ದ. ಡಾಕ್ಟರಿಗೆ ತೋರಿಸಿ ಅಂದ್ಲು ಹೆಂಡತಿ. ಹೋಗಿ ಏನಂತ ಹೇಳೋದು, ಬೇರೆಯವರು ನಗ್ತಾರೆ ಅಂತಲಾ?

ಕೊನೆಗೆ ಒಂದು ದಿನ ಕತ್ತು ಹೊರಗೆ ಹಾಕಿ, ಅವರನ್ನ ನಗಿಸೋ ಮಾತು ಏನಂತ ಕೇಳಿಸ್ಕೊಳ್ಳೋಕೆ ಬಸ್ಸಿಗೆ ಅಂಟಿಕೊಂಡೇ ಹೊರಟ. ಎದುರಿಗೆ ಎಮ್ಮೆ ಬಂತು. ಬಸ್ಸು ನಿಂತ್ಕೊಂಡ್ತು. ಗುರುಮಲ್ಲಪ್ಪ ಕಾರು ಸಮೇತ ಪಕ್ಕದ ಗದ್ದೆಗೆ ಇಳಿದ.

ಬಸ್ಸಿನೋರೆಲ್ಲಾ ಇಳಿದು, ಪಂಚೆ ಸೀರೆ ಎತ್ತಿ ಕಟ್ಟಿ, ಕಾರನ್ನ ರಸ್ತೆಗೆ ತಳ್ಳಿದ್ರು. ಕೆಸರು ಒರೆಸ್ಕೊಳ್ಳೋ ಮುಂಚೆನೇ ಅವನು ಕಂಡಕ್ಟರನ್ನ ಹಿಡ್ಕೊಂಡ.

“ಮಾದಪ್ಪ, ದಿನಾ ಯಾಕಪ್ಪಾ ನಗ್ತೀರಿ?”

ಮಾದಪ್ಪ ತಲೆ ಕೆರ್ಕೊಂಡ. ಹೂ ಮಾರೋ ಸಾಕಮ್ಮನೇ ಬಾಯಿಬಿಟ್ಲು.

“ನಿಮ್ಮನ್ನ ನೋಡಿನೇ ಸಾವ್ಕಾರ್ರೆ. ಬಸ್ಸು ನಿಂತ ಕಡೆಯೆಲ್ಲಾ ನೀವೂ ಕಾರು ನಿಲ್ಲಿಸ್ತೀರಿ. ಮುಂದೆ ಹೋಗಿ ಅಂತ ಡ್ರೈವರ್ ಕೈ ತೋರಿಸಿದ್ರೂ ಹೋಗಲ್ಲ. ಈ ಮಾದಪ್ಪ ‘ರೈಟ್’ ಅಂದ್ರೇನೇ ಹೊರಡ್ತೀರಿ.”

ಗುರುಮಲ್ಲಪ್ಪ ಯೋಚನೆ ಮಾಡಿದ. ನಿಜ ಅನ್ನಿಸ್ತು. ಸಿಟ್ಟಾಗ್ತಾನೇನೋ ಅಂತ ಎಲ್ಲರೂ ಅವನ ಮುಖಾನೇ ನೋಡ್ತಾ ನಿಂತ್ರು. ಅವನು ನಕ್ಕ. ಕಾರು ತಗೊಂಡ ಮೇಲೆ ಅದೇ ಮೊದಲು.

ಮಾರನೇ ದಿನ ಬಸ್ಸು ಹತ್ತಿದ. ಸೀಟು ಸಿಗಲಿಲ್ಲ. ಇನ್ನೊಂದು ತೊಂದರೆನೂ ಆಯ್ತು. ನೋಡಿ ನಗೋಣ ಅಂದ್ರೆ ಹಿಂದೆ ಯಾರೂ ಬರ್ತಿರಲಿಲ್ಲ. ಹಂಗಾಗಿ ಗದ್ದೆಗೆ ಇಳಿದ ಕಥೆಯನ್ನ ಅವನೇ ಹೇಳಬೇಕಾಯ್ತು. ಪೇಟೆ ಬರೋಷ್ಟರಲ್ಲಿ ಎಮ್ಮೆ ಎರಡಾಗಿತ್ತು.

ನೀತಿ: ಒಬ್ಬನೇ ಹೋದ್ರೆ ಆರಾಮ, ಸುಳ್ಳಲ್ಲ. ಆದ್ರೆ ದಾರಿ ಸಾಗೋದು ಜೊತೆಯಲ್ಲಿ ನಗೋರಿದ್ದಾಗ. ಅದಕ್ಕೆ ಸ್ವಲ್ಪ ಕಾಲು ತುಳಿಸ್ಕೊಂಡ್ರೂ ನಷ್ಟವಿಲ್ಲ.