ಮಡಚುವ ಕೈ ನಿಂತಾಗ

ಗದಗಿನಲ್ಲಿ ನೀಲಕಂಠಪ್ಪ ಸೊರಟೂರ ಎಂಬ ಕಥೆಗಾರರಿದ್ದರು. ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಊರಿಗೆಲ್ಲ ಅವರು ಸೊರಟೂರ ಮಾಸ್ತರು. ಆರು ಪುಸ್ತಕ ಬರೆದಿದ್ದರು, ಆರನ್ನೂ ತಾವೇ ಅಚ್ಚು ಹಾಕಿಸಿದ್ದರು. ಅವರ ಪ್ರಕಾಶನಕ್ಕೆ ಉದ್ದನೆಯ ಸಂಸ್ಕೃತ ಹೆಸರೊಂದಿತ್ತು. ಆದರೆ ಉಳಿದ ಪ್ರತಿಗಳ ಗಂಟುಗಳೆಲ್ಲ ಮನೆಯ ಹೊರಸಿನ, ಅಂದರೆ ಮಂಚದ ಕೆಳಗೆ ಸೇರಿದ್ದರಿಂದ ಅವರ ಹೆಂಡತಿ ಅದನ್ನು 'ಹೊರಸು ಪ್ರಕಾಶನ' ಎಂದು ಕರೆದರು. ಊರ ಬಾಯಲ್ಲೂ ಅದೇ ನಿಂತಿತು. ಸಂಸ್ಕೃತ ಹೆಸರು ಈಗ ಮಾಸ್ತರಿಗೂ ಸರಿಯಾಗಿ ನೆನಪಿಲ್ಲ.

ಈ ಕಥೆ ನಿಮಗೆ ಬೆಳಗಿನ ಗುಲಾಬಿ ಹೂವಿನ ಚಿತ್ರದ ಜೊತೆಗೆ ಮೊಬೈಲಿಗೆ ಬಂದಿದ್ದರೆ ಹೂವನ್ನು ಆಮೇಲೆ ನೋಡಿ. ಮೊದಲು ಮಾಸ್ತರನ್ನು ಸರಿಯಾಗಿ ಪರಿಚಯಿಸುತ್ತೇನೆ, ಯಾಕೆಂದರೆ ಅವರು ನಗೆಪಾಟಲಿನ ಮನುಷ್ಯರಲ್ಲ. ರೋಣ, ಮುಂಡರಗಿ, ನರಗುಂದ ಎಲ್ಲಿಂದ ಕರೆ ಬಂದರೂ ಬಗಲ ಚೀಲದಲ್ಲಿ ಹತ್ತು ಪ್ರತಿ ಹಾಕಿಕೊಂಡು ಕಥೆ ಓದಲು ಹೊರಡುತ್ತಿದ್ದರು. ಹಾರ ಹಾಕಿದರೆ ಹಾಕಿಸಿಕೊಳ್ಳುವರು, ಹಾಕದಿದ್ದರೆ ಚಹಾ ಕುಡಿದು ಬರುವರು. ತಿಂಗಳಿಗೊಂದು ಭಾನುವಾರ ಹೊಸಬರಿಗೆ ಕಥಾ ಕಮ್ಮಟ ನಡೆಸುತ್ತಿದ್ದರು. ಊರಿಗೊಬ್ಬ ಇಂಥ ಮನುಷ್ಯ ಇರಲೇಬೇಕು. ಇಲ್ಲದ ಊರಿನಲ್ಲಿ ಕಥೆ ಬರೆಯುವ ಮಕ್ಕಳು ಯಾರ ಹತ್ತಿರ ಹೋಗಬೇಕು?

ಮಾಸ್ತರಿಗೆ ಒಂದು ರೂಢಿ ಇತ್ತು. ಯಾವ ಕಥೆಯನ್ನೂ ಅಚ್ಚಿಗೆ ಕೊಡುವ ಮೊದಲು ಬೆಟಗೇರಿಯ ಒಂದು ಬೈಂಡಿಂಗ್ ಮನೆಗೆ ಹೋಗಿ ಗಟ್ಟಿಯಾಗಿ ಓದುತ್ತಿದ್ದರು. ಅಲ್ಲಿ ನಾಲ್ವರು ಹೆಣ್ಣುಮಕ್ಕಳು ಚಾಪೆಯ ಮೇಲೆ ಕುಳಿತು ಅಚ್ಚಾದ ದೊಡ್ಡ ಹಾಳೆಗಳನ್ನು ಮಡಚುತ್ತಾರೆ. ಒಂದು ಹಾಳೆಯನ್ನು ಮೂರು ಸಲ ಮಡಚಿದರೆ ಹದಿನಾರು ಪುಟ. ಪ್ರತಿ ಮಡಿಕೆಯ ಮೇಲೂ ಬಿದಿರಿನ ಪಟ್ಟಿಯನ್ನು ಸರ್ರೆಂದು ಎಳೆಯಬೇಕು. ನಾಲ್ವರಲ್ಲಿ ಹಿರಿಯಳು ಮಾಬೂಬಿ. ಮೂವತ್ತು ವರ್ಷದಿಂದ ಪುಸ್ತಕ ಮಡಚುತ್ತಿದ್ದಾಳೆ, ಒಂದು ಅಕ್ಷರ ಓದಲು ಬಾರದು.

ಮಾಸ್ತರು ಓದುತ್ತಾ ಓದುತ್ತಾ ಅವಳ ಕೈ ನೋಡುತ್ತಿದ್ದರು. ಕಥೆಯ ಯಾವುದೋ ಜಾಗದಲ್ಲಿ ಬಿದಿರಿನ ಪಟ್ಟಿ ಹಾಳೆಯ ಮೇಲೆ ತಟಕ್ಕನೆ ನಿಲ್ಲುತ್ತಿತ್ತು. ಮಾಬೂಬಿ ತಲೆ ಎತ್ತಿ ಮಾಸ್ತರ ಮುಖ ನೋಡುತ್ತಿದ್ದಳು. ಮಾಸ್ತರ ಎದೆ ಹಿಗ್ಗುತ್ತಿತ್ತು. ಕಮ್ಮಟದಲ್ಲಿ ಅದನ್ನೇ ಅವರು ಸೂತ್ರದಂತೆ ಹೇಳುತ್ತಿದ್ದರು.

"ದುಡಿಯೋರ ಕೈ ನಿಲ್ಲಬೇಕು. ಕೈ ನಿಂತ್ತು ಅಂದ್ರ ಕಥಿ ಗೆದ್ದಂಗ."

ಹುಡುಗರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆಯುತ್ತಿದ್ದರು. ಇದನ್ನು ನಾನೂ ಒಂದು ಕಾಲಕ್ಕೆ ಬರೆದುಕೊಂಡವನೇ.

ಆ ಕಮ್ಮಟಕ್ಕೆ ಸಾವಂತ್ರಿ ಎಂಬವಳು ಬರುತ್ತಿದ್ದಳು. ಬಸ್ ಕಂಡಕ್ಟರ್. ಭಾನುವಾರ ಡ್ಯೂಟಿ ಇದ್ದರೆ ಖಾಕಿ ಅಂಗಿಯಲ್ಲೇ ಬಂದು ಒಂದು ತಾಸು ಕುಳಿತು ಓಡುತ್ತಿದ್ದಳು. ಟ್ರಿಪ್ಪು ಟ್ರಿಪ್ಪಿನ ನಡುವೆ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕುಳಿತು ಬರೆದ ಹನ್ನೊಂದು ಕಥೆಗಳು ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿದ್ದವು. ಹೊರಸು ಪ್ರಕಾಶನದ ಶಕ್ತಿ ವರ್ಷಕ್ಕೆ ಒಂದೇ ಪುಸ್ತಕ. ಮಾಸ್ತರು ಅವಳಿಗೆ ಮಾತು ಕೊಟ್ಟಿದ್ದರು: "ಈ ವರ್ಷದ ಪಾಳಿ ನಿಂದವಾ." ಸಾವಂತ್ರಿ ಅದನ್ನು ಡಿಪೋದಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದಳು. ಅವಳ ತಾಯಿ ಬಿಡುಗಡೆಯ ದಿನ ಉಡಲು ಸೀರೆಯನ್ನೂ ಆರಿಸಿ ಇಟ್ಟಿದ್ದಳು.

ರೂಢಿಯಂತೆ ಮಾಸ್ತರು ಆ ನೋಟ್‌ಬುಕ್ಕನ್ನು ಬೈಂಡಿಂಗ್ ಮನೆಗೆ ಒಯ್ದು 'ಎರಡು ಸೀಟು' ಎಂಬ ಕಥೆಯನ್ನು ಓದಿದರು. ಮಾಬೂಬಿಯ ಕೈ ನಿಲ್ಲಲಿಲ್ಲ. ಒಂದು ಸಲವೂ ನಿಲ್ಲಲಿಲ್ಲ. ಕಥೆ ಮುಗಿಯುವಷ್ಟರಲ್ಲಿ ನಾಲ್ವರೂ ಸೇರಿ ಒಂದು ದೊಡ್ಡ ಗುಡ್ಡೆಯನ್ನೇ ಮಡಚಿ ಮುಗಿಸಿದ್ದರು. ಮರುದಿನ ಮಾಸ್ತರು ತಮ್ಮ ಹೊಸ ಕಥೆ 'ಕನ್ನಡಿಯ ಬೆನ್ನು' ಓದಿದರು. ಕೈ ನಾಲ್ಕು ಸಲ ನಿಂತಿತು.

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತು ಕಥೆಗಾರರಿಗೂ ಸಲ್ಲುತ್ತದೆ. ಮಾಸ್ತರು ಪಾಳಿ ಬದಲಿಸಿದರು. ತಮ್ಮ ಏಳನೆಯ ಪುಸ್ತಕವನ್ನು ಅಚ್ಚಿಗೆ ಕೊಟ್ಟರು. ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಬಿಡುಗಡೆ ಎಂದು ತೆಳು ಹಾಳೆಯ ಆಮಂತ್ರಣವನ್ನೂ ಹಂಚಿದರು. ಆಮಂತ್ರಣ ಕೈಗೆ ಬಂದಾಗಲೇ ಸಾವಂತ್ರಿಗೆ ಸಂಗತಿ ತಿಳಿದದ್ದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದನ್ನು ಹಿಡಿದುಕೊಂಡು ನೇರವಾಗಿ ಮಾಸ್ತರ ಮನೆಗೆ ಬಂದಳು.

"ಬ್ಯಾಸರಾ ಮಾಡ್ಕೋಬ್ಯಾಡ ಸಾವಂತ್ರಿ," ಎಂದರು ಮಾಸ್ತರು. "ನಿನ್ನ ಭಾಷಾ ಚಲೋ ಐತಿ. ಆದ್ರ ಮಾಬೂಬಿ ಕೈ ಒಂದ ಸಲಾನೂ ನಿಲ್ಲಲಿಲ್ಲ. ಕಥಿ ಇನ್ನೂ ಹಣ್ಣಾಗಿಲ್ಲವಾ. ಮುಂದಿನ ವರ್ಷ ನೋಡೋಣು."

ಬೇರೆ ಯಾರಾದರೂ ಆಗಿದ್ದರೆ ಅತ್ತುಕೊಂಡು ಹೋಗುತ್ತಿದ್ದರು. ಇವಳು ಕಿಕ್ಕಿರಿದ ಬಸ್ಸಿನಲ್ಲಿ ನುಗ್ಗಿ ಟಿಕೆಟ್ ಕೊಡುವವಳು. ಅಷ್ಟು ಸುಲಭಕ್ಕೆ ಜಾಗ ಬಿಡಲಿಲ್ಲ.

"ಸರ್, ನನ್ನ ಕಥಿ ಮ್ಯಾಲೆ ನನಗ ನಂಬಿಕಿ ಐತ್ರಿ. ಬಸ್ಸಿನ್ಯಾಗ ಎಷ್ಟೋ ಹೆಣ್ಮಕ್ಕಳಿಗೆ ಹೇಳೇನಿ. ತಮ್ಮ ಸ್ಟಾಪ್ ಬಂದ್ರೂ ಇಳೀದ ಕೂತೋರ್ನ ನೋಡೇನಿ. ಆ ಕೈ ಯಾಕ ನಿಲ್ಲಲಿಲ್ಲ ಅಂತ ನಾನೂ ಒಮ್ಮೆ ನೋಡಬೇಕ್ರಿ."

"ಬಾ, ನೋಡ ಬಾ," ಎಂದರು ಮಾಸ್ತರು. ಶಿಷ್ಯೆಗೆ ಒಂದು ಒಳ್ಳೆಯ ಪಾಠವಾಗಲಿ ಎಂದೇ ಅವರು ಕರೆದುಕೊಂಡು ಹೋದದ್ದು. ಅವರ ಮನಸ್ಸಿನಲ್ಲಿ ಕಪಟವಿರಲಿಲ್ಲ.

ಬೈಂಡಿಂಗ್ ಮನೆಯಲ್ಲಿ ಅವತ್ತು ಮಡಚುತ್ತಿದ್ದದ್ದು ಮಾಸ್ತರ ಪುಸ್ತಕವನ್ನೇ. ಮಾಸ್ತರು ಗುಡ್ಡೆಯಿಂದ ಒಂದು ಹಾಳೆ ಎತ್ತಿಕೊಂಡು 'ಕನ್ನಡಿಯ ಬೆನ್ನು' ಓದಲು ಶುರು ಮಾಡಿದರು. ಒಬ್ಬ ಮನುಷ್ಯ ಕನ್ನಡಿ ನೋಡುತ್ತಾನೆ. ಕನ್ನಡಿಯೊಳಗಿನವನು ಇನ್ನೊಂದು ಕನ್ನಡಿ ನೋಡುತ್ತಾನೆ. ಇಬ್ಬರಲ್ಲಿ ಒಬ್ಬ ಮತ್ತೊಬ್ಬನನ್ನು 'ನೀನು ಯಾರ ನೆನಪು?' ಎಂದು ಕೇಳುತ್ತಾನೆ. ಮಾಬೂಬಿಯ ಪಟ್ಟಿ ಸರಿಯಾಗಿ ಅಲ್ಲಿಗೆ ನಿಂತಿತು.

ಮಾಸ್ತರು ಓದುವುದನ್ನು ನಿಲ್ಲಿಸಿ ಸಾವಂತ್ರಿಯ ಕಡೆ ತಿರುಗಿದರು. "ನೋಡಿದ್ಯಾ?"

ಸಾವಂತ್ರಿ ಚಾಪೆಯ ಅಂಚಿಗೆ ಕುಳಿತಳು. "ಮಾಬೂಬಕ್ಕಾ, ಈಗ ನಿಮ್ಮ ಕೈ ಯಾಕ ನಿಂತ್ತು?"

ಮಾಬೂಬಿ ಉಳಿದ ಮೂವರ ಮುಖ ನೋಡಿದಳು. ಮೂವರೂ ಹಾಳೆ ನೋಡಿದರು. "ಏನಿಲ್ಲವಾ. ಸುಮ್ನ ನಿಂತ್ತು."

"ಖರೇ ಹೇಳ್ರಿ. ಸರ್ ಸಿಟ್ಟಾಗೂದಿಲ್ಲ."

"ಹೇಳ್ರಿ, ಹೇಳ್ರಿ," ಎಂದರು ಮಾಸ್ತರು. ಹೊಗಳಿಕೆ ಕೇಳುವುದಕ್ಕೆ ಅವರು ಆಗಲೇ ಗಲ್ಲ ಎತ್ತಿ ನಿಂತಿದ್ದರು.

ಮಾಬೂಬಿ ಬಿದಿರಿನ ಪಟ್ಟಿಯನ್ನು ಕೆಳಗಿಟ್ಟಳು. "ನಾ ಸಣ್ಣಾಕಿ ಇದ್ದಾಗ ಅವ್ವನ ಸಂಗಾಟ ಜ್ವಾಳಾ ಬೀಸ್ತಿದ್ನಿರಿ. ಅವ್ವ ಹಾಡ ಹೇಳಾಕಿ. ಹಾಡು ಸುರಳೀತ ನಡದ್ರ ಕಲ್ಲು ತಾನ ನಡೀತಿತ್ತು. ಹಾಡು ಎಡವಿದ್ರ ಕಲ್ಲೂ ನಿಂದರ್ತಿತ್ತು. ಈ ಕೈನೂ ಹಂಗ ಅದಾವ್ರಿ ಮಾಸ್ತರ. ಕಥಿ ಸಾಗಿದ್ರ ತಾವೂ ಸಾಗ್ತಾವು. ಈಗ ಆ ಮನಶ್ಯಾ ಕನ್ನಡಿ ಒಳಗ ಅದಾನೋ ಹೊರಗ ಅದಾನೋ ನನಗ ತಿಳೀಲಿಲ್ಲ. ಅದನ್ನ ವಿಚಾರ ಮಾಡ್ಕೋತ ಕುಂತೆ, ಕೈ ನಿಂತ್ತು."

ಮಾಸ್ತರು ಕೈಯಲ್ಲಿದ್ದ ಹಾಳೆಯನ್ನು ಗುಡ್ಡೆಯ ಮೇಲೆ ಇಟ್ಟರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು: "ಆರು ಪುಸ್ತಕ ಓದೇನಿ ನಿಮ್ಮ ಮುಂದ. ಇಷ್ಟ ವರ್ಷ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲಲ್ರಿ," ಎಂದಳು ಮಾಬೂಬಿ. ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅಷ್ಟೆ.

"ಸಾವಂತ್ರಿ ಕಥಿ ಓದಿದಾಗ ನಿಲ್ಲಲಿಲ್ಲಲ್ಲ," ಎಂದರು ಮಾಸ್ತರು. " ಅದು ನೆನಪೈತೇನು?"

"ಅಯ್ಯ, ಯಾಕಿಲ್ರಿ! ಇಬ್ಬರು ಗೆಳತ್ಯಾರು ದಿನಾ ಬಸ್ಸಿನ್ಯಾಗ ಮೆಂತೆಪಲ್ಲೆ ಮಾರಾಕ ಬರ್ತಿರ್ತಾರ. ಒಬ್ಬಾಕಿ ತೀರ್ಕೋತಾಳ. ಇನ್ನೊಬ್ಬಾಕಿ ಗಂಗವ್ವ ಬಾಜೂ ಸೀಟಿನ ಮ್ಯಾಲ ವಸ್ತ್ರ ಹಾಕಿ ಜಾಗಾ ಹಿಡದು, ದಿನಾ ಎರಡ ಟಿಕೀಟ ತಗೊಂತಾಳ. ಮಂದಿ ಬೈತಾರ. ಆಕಿ ವಸ್ತ್ರ ತಗಿಯೂದಿಲ್ಲ. ಒಂದಿನ ತುಂಬಿದ ಬಸುರಿ ಹತ್ತತಾಳ. ಗಂಗವ್ವ ತಾನ ವಸ್ತ್ರ ಎತ್ತಿ ಆಕೀನ ಕುಂದ್ರಿಸಿ, 'ಕುಂದ್ರವಾ, ಆಕಿ ಇನ್ನ ಬರೂದಿಲ್ಲ' ಅಂತಾಳ. ಅವತ್ತ ಒಂದ ಟಿಕೀಟ ತಗೊಂತಾಳ." ಮಾಬೂಬಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಮನ್ಯಾಗ ಸೊಸಿಗೆ ಹೇಳಿದ್ನಿರಿ. ಆಕಿ ರೊಟ್ಟಿ ಬಡಿಯೂದ ಬಿಡಲಿಲ್ಲ, ಅಳೂದೂ ಬಿಡಲಿಲ್ಲ."

ಮಾಸ್ತರು ಅಲ್ಲೇ ಹಾಳೆಯ ಗುಡ್ಡೆಯ ಪಕ್ಕದಲ್ಲಿ ಕುಳಿತುಬಿಟ್ಟರು. ನಾಚಿಕೆಯಾಯಿತು. ತಮ್ಮ ಕಥೆ ಎಡವಿದ್ದಕ್ಕಲ್ಲ. ಕಥೆ ಎಡವುತ್ತದೆ, ತಿದ್ದಬಹುದು. ಒಂದು ತಪ್ಪು ಸೂತ್ರ ಹಿಡಿದು ಶಿಷ್ಯೆಯ ಪಾಳಿ ಕಸಿದುಕೊಂಡದ್ದಕ್ಕೆ ನಾಚಿಕೆಯಾಯಿತು. ಈಗ ಅವರ ಮುಂದೆ ಎರಡು ದಾರಿ ಇದ್ದವು. ಆಮಂತ್ರಣ ಹಂಚಿಯಾಗಿತ್ತು, ಹಾಳೆ ಅಚ್ಚಾಗಿತ್ತು, ಧಾರವಾಡದಿಂದ ದೊಡ್ಡ ಸಾಹಿತಿಯೊಬ್ಬರು ಬರಲು ಒಪ್ಪಿದ್ದರು. ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಬೈಂಡಿಂಗ್ ಮನೆಯ ಮಾತು ಬೈಂಡಿಂಗ್ ಮನೆಯಲ್ಲೇ ಉಳಿಯುತ್ತಿತ್ತು.

ಮಾಸ್ತರು ಎದ್ದು ನಿಂತರು. "ಮಾಬೂಬಕ್ಕ, ನನ್ನ ಪುಸ್ತಕ ಮಡಚೂದು ನಿಲ್ಲಸ್ರಿ. ಭಾನುವಾರ ಮುಂಜಾನೆ ನೀವು ನಾಲ್ಕೂ ಮಂದಿ ಸಭಾಕ್ಕ ಬರಬೇಕು. ಮುಂದಿನ ಸಾಲಿನ್ಯಾಗ ಕುಂದರಬೇಕು."

"ನಾವ್ಯಾಕ್ರಿ ಅಲ್ಲಿ?" ಎಂದಳು ಮಾಬೂಬಿ. ಮಾಸ್ತರ ಆರು ಪುಸ್ತಕ ಮಡಚಿದ್ದರೂ ಒಂದರ ಬಿಡುಗಡೆಯನ್ನೂ ಆ ನಾಲ್ವರು ನೋಡಿರಲಿಲ್ಲ. ಯಾರೂ ಕರೆದಿರಲಿಲ್ಲ.

"ನನ್ನ ತಪ್ಪ ನಾ ಒಪ್ಕೊಳ್ಳೂವಾಗ ಸಾಕ್ಷಿ ಬೇಕಲ್ರಿ," ಎಂದರು ಮಾಸ್ತರು. ಅಷ್ಟು ಹೊತ್ತಿನಲ್ಲಿ ಅವರು ಮೊದಲ ಸಲ ನಕ್ಕರು.

ಭಾನುವಾರ ಸಭೆ ತುಂಬಿತ್ತು. ಧಾರವಾಡದ ಅತಿಥಿಗಳು ಬಣ್ಣದ ಕಾಗದದ ಕಟ್ಟನ್ನು ಕೈಗೆತ್ತಿಕೊಂಡು ರಿಬ್ಬನ್ ಬಿಚ್ಚಿದರು. ಫೋಟೋದವನು ಸಜ್ಜಾಗಿದ್ದ. ಕಾಗದದೊಳಗೆ ಇದ್ದದ್ದು ಮೂಲೆ ಮುದುರಿದ ಇನ್ನೂರು ಪುಟದ ನೋಟ್‌ಬುಕ್ಕು. ಅತಿಥಿಗಳು ಅದನ್ನು ಎತ್ತಿ ಹಿಡಿಯಬೇಕೋ ಕೆಳಗಿಡಬೇಕೋ ತಿಳಿಯದೆ ಮಾಸ್ತರ ಮುಖ ನೋಡಿದರು.

ಮಾಸ್ತರು ಮೈಕಿನ ಮುಂದೆ ಬಂದರು. ನಡೆದದ್ದನ್ನೆಲ್ಲ ಹೇಳಿದರು, ಸೂತ್ರ, ಪಾಳಿ, ಮಾಬೂಬಿಯ ಉತ್ತರ, ಯಾವುದನ್ನೂ ಮುಚ್ಚಿಡಲಿಲ್ಲ. "ಆಮಂತ್ರಣದಾಗ ಇರೂ ಪುಸ್ತಕ ಇವತ್ತ ಬರೂದಿಲ್ಲ. ಅದನ್ನ ಇನ್ನೂ ತಿದ್ದಬೇಕು. ಈ ವರ್ಷದ ಪುಸ್ತಕ ಸಾವಂತ್ರೀದು. ಇನ್ನೊಂದ ತಿಂಗಳಿಗೆ ಅಚ್ಚಾಗಿ ಬರತೈತಿ. ಇವತ್ತ ಕಥಿ ಕೇಳ್ರಿ," ಎಂದು ನೋಟ್‌ಬುಕ್ಕು ತೆರೆದು 'ಎರಡು ಸೀಟು' ಓದತೊಡಗಿದರು.

ಆಮೇಲೆ ಅತಿಥಿಗಳು ಮಾಸ್ತರ ಪುಸ್ತಕದ ಬಗ್ಗೆ ಬರೆದು ತಂದಿದ್ದ ಭಾಷಣವನ್ನೇ ಹೆಸರು ಬದಲಿಸಿ ಮಾಡಿದರು. ಅದು ಇದಕ್ಕೂ ಚೆನ್ನಾಗಿ ಹೊಂದಿಕೊಂಡಿತು. ಅಂಥ ಭಾಷಣಗಳು ಯಾವ ಪುಸ್ತಕಕ್ಕಾದರೂ ಹೊಂದಿಕೊಳ್ಳುತ್ತವೆ, ಆ ಮಾತು ಬಿಡಿ.

ನಾನು ಹೇಳಬೇಕಾದದ್ದು ಓದುವಾಗ ನಡೆದದ್ದು. ಮಾಸ್ತರು ಓದುತ್ತಾ ರೂಢಿಯಂತೆ ಮಾಬೂಬಿಯ ಕೈ ನೋಡಿದರು. ಅವಳ ಕೈಯಲ್ಲಿ ಆಮಂತ್ರಣದ ಹಾಳೆ ಇತ್ತು. ಅವಳಿಗೇ ಗೊತ್ತಿಲ್ಲದೆ ಕೈ ಅದನ್ನು ಒಂದು ಸಲ ಮಡಚಿತು. ಬಿದಿರಿನ ಪಟ್ಟಿ ಇರಲಿಲ್ಲ, ಹೆಬ್ಬೆರಳ ಉಗುರನ್ನೇ ಮಡಿಕೆಯ ಮೇಲೆ ಎಳೆದಳು. ಎರಡು ಸಲ ಮಡಚಿತು. ಗಂಗವ್ವ ವಸ್ತ್ರ ಎತ್ತುವ ಹೊತ್ತಿಗೆ ಮೂರನೆಯ ಸಲವೂ ಮಡಚಿತು. ಪಕ್ಕದ ಮೂವರ ಕೈಗಳೂ ಹಾಗೆಯೇ ನಡೆಯುತ್ತಿದ್ದವು. ಒಂದೂ ನಿಲ್ಲಲಿಲ್ಲ. ಮಾಸ್ತರ ಕಣ್ಣು ತುಂಬಿ ಬಂತು, ಆದರೆ ಓದನ್ನು ಅವರೂ ನಿಲ್ಲಿಸಲಿಲ್ಲ.

ಸಭೆ ಮುಗಿದ ಮೇಲೆ ಮಾಬೂಬಿ ಎದ್ದು ಸಾವಂತ್ರಿಯ ಹತ್ತಿರ ಬಂದಳು. ಸಾವಂತ್ರಿಯ ತಾಯಿ ಆರಿಸಿಟ್ಟಿದ್ದ ಸೀರೆಯನ್ನೇ ಉಟ್ಟು ಮಗಳ ಪಕ್ಕದಲ್ಲಿ ನಿಂತಿದ್ದಳು. ಮಾಬೂಬಿ ಮಡಚಿದ ಆಮಂತ್ರಣವನ್ನು ಸಾವಂತ್ರಿಯ ಅಂಗೈಯಲ್ಲಿಟ್ಟಳು. ಅದು ಹದಿನಾರು ಪುಟದ, ಅಂಗೈಯಗಲದ ಒಂದು ಪುಸ್ತಕದಂತೆ ಕಾಣುತ್ತಿತ್ತು.

"ತಗೋಳವಾ," ಎಂದಳು. "ನಿನ್ನ ಪುಸ್ತಕ ಮಡಚೂದು ಇವತ್ತ ಶುರು ಮಾಡೇನಿ."

ಮಾಸ್ತರ ಏಳನೆಯ ಪುಸ್ತಕವೂ ಬಂತು, ಎರಡು ವರ್ಷ ತಡವಾಗಿ. ಅಚ್ಚಿಗೆ ಕೊಡುವ ಮೊದಲು ತಿದ್ದಿದ ಪ್ರತಿಯನ್ನು ಓದಲು ಅವರು ಬೈಂಡಿಂಗ್ ಮನೆಗೆ ಹೋದಾಗ ಮೊದಲ ಪುಟದಲ್ಲೇ ಪಟ್ಟಿ ನಿಂತಿತು. ಮಾಸ್ತರು ಹಿಗ್ಗಲಿಲ್ಲ, ಕುಗ್ಗಲೂ ಇಲ್ಲ. ಕನ್ನಡಕ ಹಣೆಗೇರಿಸಿ, ಚಾಪೆಯ ಮೇಲೆ ಕುಳಿತು ಪೆನ್ನು ತೆಗೆದರು.

"ಎಲ್ಲಿ ಎಡವಿತು ಹೇಳ್ರಿ, ಮಾಬೂಬಕ್ಕ."

ನೀತಿ: ಕೇಳುವವರ ಮೌನಕ್ಕೆ ನಮಗೆ ಬೇಕಾದ ಅರ್ಥ ಹಚ್ಚಿಕೊಳ್ಳಬಾರದು, ಬಾಯಿ ಬಿಟ್ಟು ಕೇಳಬೇಕು. ಕೇಳಿ ತಿಳಿದ ತಪ್ಪನ್ನು ನಾಲ್ಕು ಜನರ ಮುಂದೆ ಒಪ್ಪಿಕೊಂಡ ಗುರುವಿನ ಗೌರವ ಕಡಿಮೆಯಾಗುವುದಿಲ್ಲ. ಅವನ ಶಿಷ್ಯರಿಗೆ ಒಂದು ಪುಸ್ತಕ ಸಿಗುತ್ತದೆ, ಅವನಿಗೆ ಮುಂದಿನ ಕಥೆ ಸಿಗುತ್ತದೆ.